ಒಂದೇ ತೋಟ, ಎರಡು ಪಂಕ್ತಿ

18ರಿಂದ 30 ವರ್ಷದ ಭಾರತೀಯರಿಗೆ ‘ವರ್ಕ್ ಅಂಡ್ ಹಾಲಿಡೇ’ ವೀಸಾ ಕೊಡಲು ಆಸ್ಟ್ರೇಲಿಯಾ 2024ರ ಅಕ್ಟೋಬರ್ 1ರಂದು ಮೊದಲ ಬಾರಿಗೆ ಹೆಸರು ನೋಂದಣಿ ತೆರೆಯಿತು. ಇದ್ದದ್ದು ವರ್ಷಕ್ಕೆ 1,000 ಸೀಟು. ಎರಡೇ ವಾರದಲ್ಲಿ ಸುಮಾರು 40,000 ಮಂದಿ ಹೆಸರು ಕೊಟ್ಟರು. ಪಾಸ್‌ಪೋರ್ಟ್, ಪ್ಯಾನ್ ಸಂಖ್ಯೆ ಮತ್ತು 25 ಆಸ್ಟ್ರೇಲಿಯನ್ ಡಾಲರ್ ಶುಲ್ಕ ಇದ್ದರೆ ಹೆಸರು ಲಾಟರಿಗೆ ಸೇರುತ್ತದೆ. ಯಾರನ್ನು ಆರಿಸಬೇಕೆಂಬುದು ಕಂಪ್ಯೂಟರಿಗೆ ಬಿಟ್ಟದ್ದು. ಅಂಕ, ಅನುಭವ, ಶಿಫಾರಸು ಯಾವುದೂ ಅಲ್ಲಿ ನಡೆಯುವುದಿಲ್ಲ. ಹೆಸರು ಬಂದವರು 28 ದಿನದೊಳಗೆ ಪೂರ್ಣ ಅರ್ಜಿ ಹಾಕಬೇಕು; ಬಾರದವರು ಮುಂದಿನ ಸಲಕ್ಕೆ ಕಾಯಬೇಕು.

ಈ ಸಾವಿರ ಸೀಟನ್ನು ಯಾರೂ ಉಡುಗೊರೆಯಾಗಿ ಕೊಟ್ಟದ್ದಲ್ಲ. 2022ರ ಏಪ್ರಿಲ್ 2ರಂದು ಸಹಿಯಾಗಿ ಅದೇ ವರ್ಷದ ಡಿಸೆಂಬರ್ 29ರಂದು ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ಆರ್ಥಿಕ ಸಹಕಾರ ಮತ್ತು ವ್ಯಾಪಾರ ಒಪ್ಪಂದದಲ್ಲಿ ಸುಂಕ, ಕಲ್ಲಿದ್ದಲು, ವೈನ್, ಜವಳಿಗಳ ಚೌಕಾಸಿಯ ನಡುವೆ ಬಂದದ್ದು. ಅದು ಸಣ್ಣ ಗೆಲುವಲ್ಲ. ಆದರೆ ನಮ್ಮವರು ಕೇಳಿ ಪಡೆದದ್ದು ಸೀಟಿನ ಸಂಖ್ಯೆಯನ್ನು ಮಾತ್ರ. ಆ ಸೀಟಿನಲ್ಲಿ ಕೂತು ಹೋದವರನ್ನು ಅಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ, ಯಾವ ಷರತ್ತಿನ ಮೇಲೆ ದುಡಿಸಿಕೊಳ್ಳುತ್ತಾರೆ ಎಂಬ ಮಾತು ಬಾಕಿ ಉಳಿಯಿತು. ಎರಡೂ ದೇಶಗಳು ಇದಕ್ಕಿಂತ ದೊಡ್ಡ ಸಮಗ್ರ ಒಪ್ಪಂದದ ಮಾತುಕತೆಗೆ ಇಳಿದಿರುವುದರಿಂದ ಆ ಬಾಕಿ ತೀರಿಸಿಕೊಳ್ಳಲು ಇದೇ ಸಮಯ.

ವೀಸಾದ ಹಿಂದಿನ ಕಲ್ಪನೆ ಚೆಂದದ್ದು. ವಯಸ್ಸಿದ್ದಾಗ ಒಂದು ವರ್ಷ ಇನ್ನೊಂದು ದೇಶ ಸುತ್ತಬೇಕು, ಸುತ್ತುವ ಖರ್ಚಿಗೆ ಅಲ್ಲಲ್ಲೇ ದುಡಿಯಬೇಕು. ಹೋಟೆಲಿನಲ್ಲಿ ಎರಡು ತಿಂಗಳು, ತೋಟದಲ್ಲಿ ಮೂರು ತಿಂಗಳು, ಉಳಿದ ದಿನ ಬಸ್ಸು, ರೈಲು, ಸಮುದ್ರ ತೀರ. ಬೇಕೆಂದರೆ ನಾಲ್ಕು ತಿಂಗಳವರೆಗೆ ಏನಾದರೂ ಕಲಿಯಲೂಬಹುದು. ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳು ಮೀರುವಂತಿಲ್ಲ, ಏಕೆಂದರೆ ಇದು ನೌಕರಿಯ ವೀಸಾ ಅಲ್ಲ. 1975ರಲ್ಲಿ ಬ್ರಿಟನ್, ಐರ್ಲೆಂಡ್ ಮತ್ತು ಕೆನಡಾದ ಯುವಜನರಿಗಾಗಿ ಆಸ್ಟ್ರೇಲಿಯಾ ಇದನ್ನು ಶುರು ಮಾಡಿದಾಗ ಕಾಮನ್‌ವೆಲ್ತ್ ಬಳಗದ ಭಾರತದ ಹೆಸರು ಅದರಲ್ಲಿರಲಿಲ್ಲ. ಅದು ಸೇರಲು ಅರ್ಧ ಶತಮಾನ ಬೇಕಾಯಿತು.

ಕನ್ನಡದ ಮಧ್ಯಮ ವರ್ಗದ ಮನೆಗಳಿಗೆ ಹೊರದೇಶದ ಬಾಗಿಲುಗಳು ಇಂದಿಗೂ ಕೆಲವೇ. ಲಕ್ಷಗಟ್ಟಲೆ ಸಾಲ ಮಾಡಿ ಎಂ.ಎಸ್. ಓದಲು ಹೋಗಬೇಕು, ಕಂಪನಿ ಕಳಿಸಿದರೆ ಹೋಗಬೇಕು, ಇಲ್ಲವೇ ಮದುವೆಯಾಗಿ ಹೋಗಬೇಕು. ಹಣವಂತರ ಮಕ್ಕಳು ಪ್ರವಾಸ ಹೋಗಿ ಹದಿನೈದು ದಿನಕ್ಕೆ ಹಿಂತಿರುಗುತ್ತಾರೆ. ಯಾವ ಕಾಲೇಜಿಗೂ ಕಂಪನಿಗೂ ಕಟ್ಟುಬೀಳದೆ, ಸ್ವಂತ ದುಡಿಮೆಯಲ್ಲಿ ಒಂದು ನಾಡನ್ನು ನೋಡಿ ಬರುವ ದಾರಿ ಜರ್ಮನಿ, ಜಪಾನ್, ಕೊರಿಯಾದ ಹುಡುಗ ಹುಡುಗಿಯರಿಗೆ ತೀರಾ ಮಾಮೂಲು. ಅದು ಹುಬ್ಬಳ್ಳಿಯ ಬಿ.ಕಾಂ. ಹುಡುಗಿಗೂ ಮಾಮೂಲಾಗಬೇಕು ಎಂಬುದು ಈ ಲೇಖನದ ನಿಲುವು. ಆದ್ದರಿಂದಲೇ ಷರತ್ತುಗಳ ಬಗ್ಗೆ ಇಷ್ಟು ಕಟುವಾಗಿ ಮಾತಾಡಬೇಕಾಗಿದೆ.

ಆಸ್ಟ್ರೇಲಿಯಾ ಈ ವೀಸಾದಲ್ಲಿ ಎರಡು ಪಂಕ್ತಿ ಹಾಕಿದೆ. ಮೊದಲ ಪಂಕ್ತಿಯ ಸಂಖ್ಯೆ 417. ಬ್ರಿಟನ್, ಐರ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಕೆನಡಾ, ಜಪಾನ್, ದಕ್ಷಿಣ ಕೊರಿಯಾ, ತೈವಾನ್ ಮುಂತಾದವು ಇದರಲ್ಲಿ ಬರುತ್ತವೆ. ಇವರಿಗೆ ಸೀಟಿನ ಮಿತಿಯಿಲ್ಲ, ಪದವಿ ಕೇಳುವುದಿಲ್ಲ, ಇಂಗ್ಲಿಷ್ ಪರೀಕ್ಷೆ ಇಲ್ಲ. ಬ್ರಿಟನ್, ಫ್ರಾನ್ಸ್, ಐರ್ಲೆಂಡ್, ಕೆನಡಾದಂಥ ಕೆಲವು ದೇಶದವರಿಗೆ ವಯಸ್ಸಿನ ಮಿತಿಯೂ 35ಕ್ಕೆ ಏರಿದೆ. ಎರಡನೇ ಪಂಕ್ತಿಯ ಸಂಖ್ಯೆ 462. ಭಾರತ, ಚೀನಾ, ವಿಯೆಟ್ನಾಂ ಇಲ್ಲಿವೆ. ಪಿ.ಯು. ನಂತರ ಕನಿಷ್ಠ ಎರಡು ವರ್ಷದ ಓದು ಬೇಕು, ಐ.ಇ.ಎಲ್.ಟಿ.ಎಸ್. ಪರೀಕ್ಷೆಯಲ್ಲಿ ಸರಾಸರಿ 4.5 ಅಥವಾ ಅದಕ್ಕೆ ಸಮನಾದ ಇಂಗ್ಲಿಷ್ ತೋರಿಸಬೇಕು. ಸೀಟಿಗೆ ಮಿತಿಯಿದೆ: ಚೀನಾಕ್ಕೆ 5,000, ವಿಯೆಟ್ನಾಮಿಗೆ 1,500, ಭಾರತಕ್ಕೆ 1,000. ಈ ಮೂರು ದೇಶದವರು ಲಾಟರಿಯನ್ನೂ ದಾಟಬೇಕು. ಅಮೆರಿಕನ್ನರೂ 462ರಲ್ಲೇ ಕೂತಿದ್ದಾರೆ, ಆದರೆ ಅವರಿಗೆ ಮಿತಿಯಿಲ್ಲ. ತೋಟಕ್ಕೆ ಇಳಿದ ಮೇಲೆ ಎಲ್ಲರೂ ಕೀಳುವುದು ಒಂದೇ ಹಣ್ಣು. ಇದನ್ನು ಪಂಕ್ತಿಭೇದ ಎನ್ನದೆ ಬೇರೆ ಹೆಸರಿಲ್ಲ.

ಷರತ್ತು ನಿಜವಾಗಿ ಕಚ್ಚುವುದು ಎರಡನೇ ವರ್ಷದ ಹೊಸ್ತಿಲಲ್ಲಿ. ಮೊದಲ ವರ್ಷ ಮುಗಿದ ಮೇಲೆ ಇನ್ನೊಂದು ವರ್ಷ ಇರಬೇಕಾದರೆ ಸರ್ಕಾರ ಗುರುತಿಸಿದ ಪ್ರದೇಶದಲ್ಲಿ, ಸರ್ಕಾರ ಗುರುತಿಸಿದ ಕೆಲಸವನ್ನು ಮೂರು ತಿಂಗಳು ಮಾಡಿರಬೇಕು. ಈ ವೀಸಾದಲ್ಲಿ ಬರುವ ಬ್ಯಾಕ್‌ಪ್ಯಾಕರ್‌ಗಳ ಬಾಯಲ್ಲಿ ಇದು ‘88 ದಿನ’. ಮೂರನೇ ವರ್ಷ ಬೇಕೆಂದರೆ ಆರು ತಿಂಗಳು. ಕೆಲಸವೆಂದರೆ ಬಹುಪಾಲು ಬೆಳೆ, ದನ, ಮೀನು, ಕಟ್ಟಡ. ಉತ್ತರದ ಹಾಗೂ ದೂರದ ಪ್ರದೇಶಗಳಲ್ಲಾದರೆ ಹೋಟೆಲು ಕೆಲಸವೂ ಲೆಕ್ಕಕ್ಕೆ ಬರುತ್ತದೆ.

ಈ ದಿನಗಳು ಹೇಗಿರುತ್ತವೆ ಎಂಬುದಕ್ಕೆ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಟಲ್ಲಿಯನ್ನು ನೋಡಬಹುದು. 1950ರಲ್ಲಿ ಆ ಊರಲ್ಲಿ 7.9 ಮೀಟರ್ ಮಳೆ ಬಿದ್ದಿತ್ತು. ಅದರ ನೆನಪಿಗೆ ಅಷ್ಟೇ ಎತ್ತರದ ಬಂಗಾರ ಬಣ್ಣದ ಬೂಟೊಂದನ್ನು ಊರ ನಡುವೆ ನಿಲ್ಲಿಸಿದ್ದಾರೆ. ಆಸ್ಟ್ರೇಲಿಯಾ ತಿನ್ನುವ ಬಾಳೆಹಣ್ಣಿನ ಬಹುಪಾಲು ಟಲ್ಲಿ, ಇನಿಸ್‌ಫೇಲ್ ಸುತ್ತಿನ ತೋಟಗಳದ್ದು. ತಳಿ ಕ್ಯಾವೆಂಡಿಶ್, ನಮ್ಮ ಪಚ್ಚಬಾಳೆಯ ಬಳಗ. ಕೊಯ್ಲಿನಲ್ಲಿ ಒಬ್ಬ ಮಚ್ಚು ಹಿಡಿದು ಗಿಡಕ್ಕೆ ಅರ್ಧ ಕಚ್ಚು ಹಾಕುತ್ತಾನೆ, ಗಿಡ ಮೆಲ್ಲಗೆ ಬಾಗುತ್ತದೆ. ಕೆಳಗೆ ನಿಂತವನು ಪ್ಲಾಸ್ಟಿಕ್ ಚೀಲ ಹೊದಿಸಿದ ಗೊನೆಗೆ ಹೆಗಲು ಕೊಡಬೇಕು. ಗೊನೆ ಹೆಗಲ ಮೇಲೆ ಕೂತ ಕೂಡಲೇ ದಂಟು ಕಡಿಯುತ್ತಾರೆ. ನಲವತ್ತು, ಐವತ್ತು ಕೆ.ಜಿ. ಭಾರ ಒಮ್ಮೆಲೇ ಬೆನ್ನಿಗೆ ಇಳಿಯುತ್ತದೆ. ಕೆಸರಲ್ಲಿ ಕಾಲು ಜಾರದಂತೆ ಟ್ರೇಲರಿನವರೆಗೆ ಹೊತ್ತು, ಕಾಯಿ ಜಜ್ಜದಂತೆ ಇಳಿಸಿ, ಮತ್ತೆ ಮುಂದಿನ ಗಿಡದ ಬುಡಕ್ಕೆ ಬರಬೇಕು. ಮಳೆ ಬಂದರೂ ಕೊಯ್ಲು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಈ ಕೆಲಸದಲ್ಲಿ ಕೀಳೆನ್ನುವಂಥದ್ದು ಏನೂ ಇಲ್ಲ, ಮೈ ಗಟ್ಟಿಯಿರುವವರು ಹೆಮ್ಮೆಯಿಂದಲೇ ಮಾಡುತ್ತಾರೆ. ಕಷ್ಟವಿರುವುದು ಕೆಲಸ ಮತ್ತು ವೀಸಾ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿರುವುದರಲ್ಲಿ. ದಿನಗಳ ಲೆಕ್ಕಕ್ಕೆ ಸಾಕ್ಷಿ ಬೇಕು. 2015ರವರೆಗೆ ಊಟ, ವಸತಿಗೆ ಬದಲಾಗಿ ಪುಕ್ಕಟೆ ದುಡಿದ ದಿನಗಳೂ ಲೆಕ್ಕಕ್ಕೆ ಬರುತ್ತಿದ್ದವು. ಆ ವರ್ಷದಿಂದ ಸಂಬಳ ಪಡೆದ ದಿನಗಳಷ್ಟೇ ಸಲ್ಲುತ್ತವೆ. ಒಳ್ಳೆಯ ಬದಲಾವಣೆ. ಆದರೂ ಎಪ್ಪತ್ತನೇ ದಿನ ಮೇಸ್ತ್ರಿ ಕೂಲಿ ಮುರಿದುಕೊಂಡರೆ ಹುಡುಗ ಏನು ಮಾಡಬೇಕು? ಜಗಳವಾಡಿದರೆ ಕೆಲಸ ಹೋಗುತ್ತದೆ, ಉಳಿದ ಹದಿನೆಂಟು ದಿನಕ್ಕೆ ಹೊಸ ತೋಟ ಹುಡುಕಬೇಕು, ಅಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ. ಅವನು ಬಾಯಿ ಮುಚ್ಚಿಕೊಂಡಿರುತ್ತಾನೆ. ಅನೇಕ ಕಡೆ ಕೆಲಸ ಕೊಡಿಸುವವರೇ ವಸತಿಯನ್ನೂ ನಡೆಸುತ್ತಾರೆ, ಬೆಳಿಗ್ಗೆ ತೋಟಕ್ಕೆ ಕರೆದೊಯ್ಯುವ ವ್ಯಾನೂ ಅವರದ್ದೇ. ಹಾಸಿಗೆ ಬಾಡಿಗೆ, ವ್ಯಾನ್ ಬಾಡಿಗೆ ಎರಡೂ ಕೂಲಿಯಿಂದ ಕಳೆದುಹೋಗುತ್ತವೆ. ಕೆಲಸ ಬಿಟ್ಟರೆ ಅದೇ ದಿನ ತಲೆಯ ಮೇಲಿನ ಸೂರೂ ಹೋಗಬಹುದು.

ಇದು ಊಹೆಯ ಮಾತಲ್ಲ. ಸಿಡ್ನಿಯ ಎರಡು ವಿಶ್ವವಿದ್ಯಾಲಯಗಳ ಕಾನೂನು ಅಧ್ಯಾಪಕರು ಜೊತೆಗೂಡಿ 107 ದೇಶಗಳ 4,322 ತಾತ್ಕಾಲಿಕ ವಲಸಿಗರ ಸಮೀಕ್ಷೆ ನಡೆಸಿ 2017ರಲ್ಲಿ ವರದಿ ಪ್ರಕಟಿಸಿದರು. ಬ್ಯಾಕ್‌ಪ್ಯಾಕರ್‌ಗಳಲ್ಲಿ ಮೂರನೇ ಒಂದು ಭಾಗದವರು ಗಂಟೆಗೆ 12 ಡಾಲರ್ ಅಥವಾ ಅದಕ್ಕೂ ಕಡಿಮೆ ಪಡೆದಿದ್ದರು. ಕಾಯಂ ಅಲ್ಲದ ಕೆಲಸಗಾರರಿಗೆ ಆಗಿನ ಕಾನೂನುಬದ್ಧ ಕನಿಷ್ಠ ಕೂಲಿ 22 ಡಾಲರ್ ದಾಟಿತ್ತು. ಹಣ್ಣು, ತರಕಾರಿ ಕೀಳುವವರಲ್ಲಿ ಶೇ 15ರಷ್ಟು ಮಂದಿಗೆ ಸಿಕ್ಕಿದ್ದು ಗಂಟೆಗೆ ಐದು ಡಾಲರ್ ಅಥವಾ ಇನ್ನೂ ಕಡಿಮೆ.

ಇನ್ನೂ ಹಿಂದಕ್ಕೆ ಹೋದರೆ ಚಿಲ್ಡರ್ಸ್ ಇದೆ. ಕ್ವೀನ್ಸ್‌ಲ್ಯಾಂಡಿನ ಈ ಪುಟ್ಟ ಊರಿಗೂ ಹಣ್ಣು, ತರಕಾರಿ ಕೊಯ್ಲಿಗೆಂದು ಬೇರೆ ಬೇರೆ ದೇಶಗಳ ಯುವಜನ ಬರುತ್ತಿದ್ದರು. 2000ದ ಜೂನ್ 23ರಂದು ಮಧ್ಯರಾತ್ರಿ ಕಳೆದ ಮೇಲೆ ಅವರು ತಂಗಿದ್ದ ಹಾಸ್ಟೆಲಿಗೆ ಒಬ್ಬಾತ ಬೆಂಕಿ ಇಟ್ಟ. 15 ಮಂದಿ ಸತ್ತರು. ಬೆಂಕಿ ಇಟ್ಟವನಿಗೆ ಜೀವಾವಧಿ ಶಿಕ್ಷೆಯಾಯಿತು, ಅಗ್ನಿ ಸುರಕ್ಷತೆಯ ನಿಯಮಗಳು ಬಿಗಿಯಾದವು. ಮಕ್ಕಳನ್ನು ಕಳಿಸುವ ಮನೆಯವರು ಹಾಸ್ಟೆಲಿನ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಹೊರಬಾಗಿಲು ಎಷ್ಟಿವೆ ಎಂದು ಕೇಳಲಿ.

ಆಸ್ಟ್ರೇಲಿಯಾ ಕಣ್ಣು ಮುಚ್ಚಿ ಕೂತಿಲ್ಲ ಎಂಬುದನ್ನೂ ಹೇಳಬೇಕು. ಬುಟ್ಟಿ ಲೆಕ್ಕದಲ್ಲಿ ಹಣ್ಣು ಕೀಳುವವರಿಗೂ ಗಂಟೆಯ ಕನಿಷ್ಠ ಕೂಲಿ ಖಾತರಿಯಾಗಬೇಕೆಂದು ಅಲ್ಲಿನ ಕಾರ್ಮಿಕ ನ್ಯಾಯಮಂಡಳಿ ಫೇರ್ ವರ್ಕ್ ಕಮಿಷನ್ 2021ರ ನವೆಂಬರ್‌ನಲ್ಲಿ ಹೇಳಿತು, ಮರುವರ್ಷದ ಏಪ್ರಿಲ್‌ನಿಂದ ಅದು ಜಾರಿಯಾಯಿತು. 2025ರ ಜುಲೈಯಲ್ಲಿ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಆಯಿತು, ಅಂದರೆ ಆಗಿನ ವಿನಿಮಯ ದರದಲ್ಲಿ 1,400 ರೂಪಾಯಿಯ ಆಸುಪಾಸು; ಕಾಯಂ ಅಲ್ಲದವರಿಗೆ ಅದರ ಮೇಲೆ ಶೇ 25 ಹೆಚ್ಚು. ಮಾಲೀಕನಿಂದ ಶೋಷಣೆಗೆ ಒಳಗಾದ ವಲಸಿಗರು ದೇಶದಲ್ಲೇ ಉಳಿದು ನ್ಯಾಯ ಕೇಳಲು ಅನುವಾಗುವ ಪ್ರತ್ಯೇಕ ವೀಸಾವೊಂದು 2024ರ ಜುಲೈಯಲ್ಲಿ ಬಂತು. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಗಂಟೆ, ದರ, ಕಡಿತ ಎಲ್ಲ ನಮೂದಿಸಿದ ಪೇ ಸ್ಲಿಪ್ ಕೊಡುವುದು ಅಲ್ಲಿ ಕಡ್ಡಾಯ. ಇವನ್ನೆಲ್ಲ ತಿಳಿದು ಹೋದವನನ್ನು ಮೋಸಗೊಳಿಸುವುದು ಸುಲಭವಲ್ಲ.

ಆದರೆ ತೆರಿಗೆಯ ಮಾತು ಬಂದಾಗ ಸರ್ಕಾರವೇ ಕೈ ಬಿಗಿ ಹಿಡಿಯುತ್ತದೆ. ಆಸ್ಟ್ರೇಲಿಯಾದ ನಿವಾಸಿಗಳಿಗೆ ವರ್ಷಕ್ಕೆ ಮೊದಲ 18,200 ಡಾಲರಿನವರೆಗೆ ಆದಾಯ ತೆರಿಗೆಯಿಲ್ಲ. 2017ರಿಂದ ಜಾರಿಯಲ್ಲಿರುವ ‘ಬ್ಯಾಕ್‌ಪ್ಯಾಕರ್ ಟ್ಯಾಕ್ಸ್’ ಪ್ರಕಾರ ಈ ವೀಸಾದವರು ಮೊದಲ ಡಾಲರಿನಿಂದಲೇ ಶೇ 15 ಕಟ್ಟಬೇಕು. ಉಳಿದ ಅನಿವಾಸಿಗಳ ದರಕ್ಕೆ ಹೋಲಿಸಿದರೆ ಇದು ಕಡಿಮೆಯೇ, ಒಪ್ಪೋಣ. ಬ್ರಿಟಿಷ್ ಪ್ರಜೆಯೊಬ್ಬರು ಇದು ತಾರತಮ್ಯವೆಂದು ಹೋರಾಡಿ 2021ರಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ ಗೆದ್ದದ್ದೂ ಉಂಟು. ಒಪ್ಪಲಾಗದ್ದು ಸೂಪರ್‌ಆ್ಯನ್ಯುಯೇಷನ್ ವಿಷಯ. ಇದು ನಮ್ಮ ಪಿ.ಎಫ್. ಇದ್ದ ಹಾಗೆ, ಮಾಲೀಕ ಕೂಲಿಯ ಶೇ 12ರಷ್ಟನ್ನು ಕೆಲಸಗಾರನ ಹೆಸರಲ್ಲಿ ಕಟ್ಟುತ್ತಾನೆ. ದೇಶ ಬಿಟ್ಟು ಹೊರಡುವಾಗ ಆ ಹಣ ಹಿಂಪಡೆಯಬಹುದು, ಆದರೆ ಈ ವೀಸಾದವರಿಗೆ ಅದರ ಮೇಲೆ ಶೇ 65 ತೆರಿಗೆ. ನೂರು ಡಾಲರ್ ಕೂಡಿದ್ದರೆ ಕೈಗೆ ಬರುವುದು ಮೂವತ್ತೈದು. ಒಂದೇ ಅಂಗಡಿಯಲ್ಲಿ ಅವರ ಪಕ್ಕ ನಿಂತು ದುಡಿದ ವಿದೇಶಿ ವಿದ್ಯಾರ್ಥಿಗೆ ಸಾಮಾನ್ಯವಾಗಿ ಶೇ 35 ಮಾತ್ರ. ಬೆವರಿನ ದುಡ್ಡಿಗೆ ಹೀಗೆ ಕತ್ತರಿ ಹಾಕಲು ಯಾವ ನ್ಯಾಯವೂ ಕಾಣುವುದಿಲ್ಲ.

ಚೌಕಾಸಿ ಮಾಡಿದರೆ ಏನು ಸಿಗುತ್ತದೆ ಎಂಬುದಕ್ಕೆ ಬ್ರಿಟನ್ನೇ ಉದಾಹರಣೆ. ಆಸ್ಟ್ರೇಲಿಯಾದ ಜೊತೆ 2021ರ ಡಿಸೆಂಬರ್‌ನಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವಾಗ ಬ್ರಿಟಿಷರು ಈ ವೀಸಾವನ್ನೂ ಮೇಜಿನ ಮೇಲೆ ಇಟ್ಟಿದ್ದರು. ಫಲವಾಗಿ 2023ರ ಜುಲೈಯಿಂದ ಅವರ ವಯಸ್ಸಿನ ಮಿತಿ 35ಕ್ಕೆ ಏರಿತು. 2024ರ ಜುಲೈ 1ರಿಂದ 88 ದಿನದ ಕಟ್ಟಳೆಯೇ ಅವರಿಗೆ ಇಲ್ಲವಾಯಿತು; ಯಾವ ತೋಟಕ್ಕೂ ಕಾಲಿಡದೆ ಮೂರು ವರ್ಷ ಇರಬಹುದು. ನಮ್ಮ ಒಪ್ಪಂದವೂ ಅದೇ ಕಾಲದ್ದು, ಎದುರು ಕೂತ ದೇಶವೂ ಅದೇ. ಬ್ರಿಟಿಷರ ಬೆನ್ನಿಗೆ ಭಾರವೆನಿಸಿದ ಷರತ್ತು ಭಾರತೀಯರ ಬೆನ್ನಿಗೆ ಹಗುರವಾಗಲು ಸಾಧ್ಯವಿಲ್ಲ.

88 ದಿನ ತೆಗೆದರೆ ಅಲ್ಲಿನ ರೈತರಿಗೆ ಆಳು ಸಿಗುವುದಿಲ್ಲ ಎಂಬ ವಾದವಿದೆ, ಅದು ಹುಸಿಯಲ್ಲ. ಕೋವಿಡ್ ಕಾಲದಲ್ಲಿ ಗಡಿ ಮುಚ್ಚಿದಾಗ ಕೀಳುವವರಿಲ್ಲದೆ ಹಣ್ಣು ಗಿಡದಲ್ಲೇ ಕೊಳೆತದ್ದು ನಿಜ. ಆದರೆ ಕೊಯ್ಲಿಗೆ ಆಳು ಬೇಕಾದರೆ ಆಳುಗಳೆಂದೇ ಕರೆಸಿ, ಕರಾರು ಬರೆದು, ವಸತಿ ತಪಾಸಣೆ ಮಾಡಿ ದುಡಿಸಿಕೊಳ್ಳಬೇಕು. ಪೆಸಿಫಿಕ್ ದ್ವೀಪಗಳ ಕೆಲಸಗಾರರಿಗಾಗಿ ಅಂಥ ಯೋಜನೆ ಆಸ್ಟ್ರೇಲಿಯಾದಲ್ಲೇ ಇದೆ; ಅದರಲ್ಲೂ ಕೊರತೆಗಳಿವೆ, ಆದರೆ ಹೊಣೆ ಯಾರದ್ದು ಎಂಬುದು ಕಾಗದದಲ್ಲಾದರೂ ಸ್ಪಷ್ಟವಿದೆ. ಪ್ರವಾಸದ ಹೆಸರಲ್ಲಿ ಕರೆದು ಕೂಲಿಯ ಷರತ್ತಿಗೆ ಕಟ್ಟುವುದು ಬೇರೆ ಸಂಗತಿ.

ಇನ್ನು ಹೋಗುವವರು ಯಾರು ಎಂಬ ಪ್ರಶ್ನೆ. ಲಾಟರಿ ಎಲ್ಲರಿಗೂ ಸಮ ಎನ್ನುತ್ತೇವೆ. ಆದರೆ ಹೆಸರು ಬಂದ ಮೇಲೆ ಸುಮಾರು 5,000 ಡಾಲರ್ ಖಾತೆಯಲ್ಲಿ ತೋರಿಸಬೇಕು, 670 ಡಾಲರ್ ವೀಸಾ ಶುಲ್ಕ ಕಟ್ಟಬೇಕು, ಇಂಗ್ಲಿಷ್ ಪರೀಕ್ಷೆ, ವೈದ್ಯಕೀಯ ತಪಾಸಣೆ, ವಿಮಾನದ ಟಿಕೆಟ್ ಎಲ್ಲ ಸೇರಿದರೆ ನಾಲ್ಕು ಲಕ್ಷ ರೂಪಾಯಿ ದಾಟುತ್ತದೆ. ಬ್ರಿಟನ್ ಜೊತೆಗಿನ ಯಂಗ್ ಪ್ರೊಫೆಷನಲ್ಸ್ ಯೋಜನೆಯೂ ಹೀಗೇ. 2023ರ ಫೆಬ್ರುವರಿಯಲ್ಲಿ ಶುರುವಾದ ಅದರಲ್ಲಿ ವರ್ಷಕ್ಕೆ 3,000 ಸೀಟು, ಎರಡು ವರ್ಷದ ವಾಸ. ಲಾಟರಿಗೆ ಶುಲ್ಕವಿಲ್ಲ, ಆದರೆ ಪದವಿ ಬೇಕು, 2,530 ಪೌಂಡ್ ಉಳಿತಾಯ ಬೇಕು, ಆರೋಗ್ಯ ಸೇವೆಯ ಶುಲ್ಕವೇ ವರ್ಷಕ್ಕೆ 776 ಪೌಂಡ್. ಆಸ್ಟ್ರೇಲಿಯಾದ ಇನ್ನೊಂದು ದಾರಿಯಾದ ‘ಮೇಟ್ಸ್’ ಯೋಜನೆಯಲ್ಲೂ ವರ್ಷಕ್ಕೆ 3,000 ಸೀಟುಗಳಿವೆ, ಅದು ಎನ್.ಐ.ಆರ್.ಎಫ್. ಶ್ರೇಯಾಂಕ ಪಟ್ಟಿಯ ಮೊದಲ ನೂರು ಸಂಸ್ಥೆಗಳಿಂದ ಎಂಜಿನಿಯರಿಂಗ್, ಐ.ಟಿ., ಗಣಿಗಾರಿಕೆಯಂಥ ಕೆಲವೇ ವಿಷಯ ಓದಿದವರಿಗೆ ಮೀಸಲು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರಿಗೆ ಆ ಬಾಗಿಲು ತೆರೆಯುತ್ತದೆ, ಗದಗದ ಸರ್ಕಾರಿ ಕಾಲೇಜಿನ ಬಿ.ಎ. ಪದವೀಧರೆಗೆ ತೆರೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಅವಳ ಪಾಲಿಗೆ ಉಳಿದದ್ದು ಆ ಸಾವಿರ ಸೀಟಿನ ಲಾಟರಿ ಒಂದೇ, ಅಲ್ಲೂ ನಾಲ್ಕು ಲಕ್ಷದ ಗೋಡೆ. ಓದಿಗೆ ಸಾಲ ಕೊಡುವ ಬ್ಯಾಂಕುಗಳು ಇದಕ್ಕೂ ಸಣ್ಣ ಸಾಲ ಕೊಡಬಾರದೇಕೆ? ಲಾಟರಿಯಲ್ಲಿ ಹೆಸರು ಬಂದ ಬಡ ಪದವೀಧರರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟರೆ ರಾಜ್ಯದ ಬೊಕ್ಕಸಕ್ಕೆ ದೊಡ್ಡ ಹೊರೆಯೇನೂ ಆಗದು.

ರಾಜ್ಯದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಜಿಲ್ಲಾ ಕೇಂದ್ರಗಳಲ್ಲಿ ಈಗ ‘ಓವರ್‌ಸೀಸ್ ಕನ್ಸಲ್ಟೆನ್ಸಿ’ ಬೋರ್ಡು ಇಲ್ಲದ ಮುಖ್ಯ ರಸ್ತೆ ಕಡಿಮೆ. ಈ ವೀಸಾವನ್ನು ಪಿ.ಆರ್. (ಕಾಯಂ ವಾಸದ ಹಕ್ಕು) ಪಡೆಯುವ ಮೊದಲ ಮೆಟ್ಟಿಲೆಂದು ಯಾರಾದರೂ ಮಾರಿದರೆ ಅದು ಸುಳ್ಳು. ನೋಂದಣಿಗೆ ಏಜೆಂಟ್ ಬೇಕಿಲ್ಲ, ಆಸ್ಟ್ರೇಲಿಯಾ ಗೃಹ ಇಲಾಖೆಯ ಜಾಲತಾಣದಲ್ಲಿ ಸ್ವತಃ ಮಾಡಿಕೊಳ್ಳಬಹುದು. ಹಣ ಕೊಟ್ಟರೆ ಲಾಟರಿಯಲ್ಲಿ ಹೆಸರು ಬರಿಸುತ್ತೇನೆ ಎನ್ನುವವನು ವಂಚಕ. ಇಷ್ಟನ್ನು ಕನ್ನಡದಲ್ಲಿ ಎರಡು ಪುಟ ಅಚ್ಚು ಹಾಕಿಸಿ ಪದವಿ ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್‌ಗಳಿಗೆ ಕಳಿಸುವುದು ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮಕ್ಕೆ ಒಂದು ವಾರದ ಕೆಲಸ. ಸಿಡ್ನಿ, ಮೆಲ್ಬರ್ನ್‌ನ ಕನ್ನಡ ಸಂಘಗಳು ರಾಜ್ಯೋತ್ಸವ, ಯುಗಾದಿಗಳ ಜೊತೆಗೆ ಹೊಸದಾಗಿ ಬಂದಿಳಿಯುವ ಈ ಮಕ್ಕಳಿಗೊಂದು ಫೋನ್ ನಂಬರು ಇಟ್ಟರೆ ಅದರ ಬೆಲೆ ದೊಡ್ಡದು.

ಮನೆಗಳೂ ಕಂಪನಿಗಳೂ ಬದಲಾಗಬೇಕಾದ್ದಿದೆ. ಡಿಗ್ರಿ ಮುಗಿಸಿದ ಮಗ ಪರದೇಶದಲ್ಲಿ ಪಾತ್ರೆ ತೊಳೆಯುವುದೇ ಎಂದು ಅಪ್ಪ ಅಮ್ಮ ಸಂಕಟಪಡುತ್ತಾರೆ. ವಾಪಸು ಬಂದರೆ ಎಚ್.ಆರ್.ನವರು ಒಂದು ವರ್ಷದ ‘ಗ್ಯಾಪ್’ ಏಕೆ ಎಂದು ಕೇಳುತ್ತಾರೆ. ಗುರುತು ಪರಿಚಯವಿಲ್ಲದ ಊರಲ್ಲಿ ಕೆಲಸ ಹುಡುಕಿಕೊಂಡು, ಬಾಡಿಗೆ ಕಟ್ಟಿ, ನಾನಾ ದೇಶದವರೊಂದಿಗೆ ಒಂದೇ ಅಡುಗೆಮನೆ ಹಂಚಿಕೊಂಡು ಬಂದ ವರ್ಷವನ್ನು ಖಾಲಿ ವರ್ಷವೆಂದು ಬರೆದುಕೊಳ್ಳುವ ಪದ್ಧತಿ ಹೋಗಬೇಕು.

ತೋಟದ ಕೂಲಿಯ ಬಗ್ಗೆ ಇಷ್ಟು ಮಾತಾಡಿದ ಮೇಲೆ ಮನೆಯಂಗಳದತ್ತಲೂ ನೋಡಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇವತ್ತು ಹಣ್ಣು ಕೀಳುವವರಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರು ಬಹಳ ಮಂದಿ. ಅವರಿಗೂ ಮೇಸ್ತ್ರಿಯ ಮೂಲಕವೇ ಕೆಲಸ, ಲೈನ್ ಮನೆಯಲ್ಲಿ ವಾಸ, ಕೆ.ಜಿ. ಲೆಕ್ಕದ ಕೂಲಿ. ಟಲ್ಲಿಯಲ್ಲಿ ನಮ್ಮ ಹುಡುಗನಿಗೆ ಗಂಟೆ, ದರ ನಮೂದಿಸಿದ ಚೀಟಿ ಸಿಗಬೇಕೆಂದು ಕೇಳುವವರು ಸೋಮವಾರಪೇಟೆಯಲ್ಲಿ ದುಡಿಯುವ ಅಸ್ಸಾಮಿನ ಹೆಣ್ಣುಮಗಳಿಗೂ ಅಂಥದೇ ಚೀಟಿ ಸಿಗಲಿ ಎಂದು ಕೇಳಬೇಕು.

ಮುಂದಿನ ಮಾತುಕತೆಯಲ್ಲಿ ಭಾರತ ಕೇಳಬೇಕಾದ್ದು ಇಷ್ಟು: ಬ್ರಿಟಿಷರಿಗೆ ಕೊಟ್ಟಂತೆ ಭಾರತೀಯರಿಗೂ 88 ದಿನದಿಂದ ವಿನಾಯಿತಿ, ಸೂಪರ್ ಹಣದ ಮೇಲಿನ ಶೇ 65ರ ತೆರಿಗೆಯನ್ನು ವಿದ್ಯಾರ್ಥಿಗಳ ಮಟ್ಟಕ್ಕೆ ಇಳಿಸುವುದು, ಆಮೇಲೆ ಸೀಟಿನ ಸಂಖ್ಯೆ. ಈ ಅನುಕ್ರಮ ಮುಖ್ಯ. ಷರತ್ತು ಸರಿಪಡಿಸದೆ ಸಾವಿರವನ್ನು ಐದು ಸಾವಿರ ಮಾಡಿದರೆ ಮೋಸಕ್ಕೆ ಸಿಗುವವರು ಐದು ಪಟ್ಟು ಆಗುತ್ತಾರೆ. 2025ರ ಡಿಸೆಂಬರ್‌ನಲ್ಲಿ ಮಾತುಕತೆ ಮುಗಿದ ನ್ಯೂಜಿಲೆಂಡ್ ಜೊತೆಗಿನ ಒಪ್ಪಂದದಲ್ಲೂ ವರ್ಷಕ್ಕೆ 1,000 ವರ್ಕಿಂಗ್ ಹಾಲಿಡೇ ವೀಸಾಗಳಿವೆ, ಹಾಗಾಗಿ ಈ ಪ್ರಶ್ನೆ ಒಂದೇ ದೇಶದ್ದಾಗಿ ಉಳಿದಿಲ್ಲ. ರಾಜ್ಯದ 28 ಲೋಕಸಭಾ ಸದಸ್ಯರಲ್ಲಿ ಯಾರಾದರೂ ಒಬ್ಬರು ಸದನದಲ್ಲಿ ಎದ್ದು ವಿದೇಶಾಂಗ ಸಚಿವರನ್ನು ಕೇಳಲಿ: ಮೊದಲ ತಂಡದಲ್ಲಿ ಹೋದವರಲ್ಲಿ ಎಷ್ಟು ಜನ ಕೂಲಿ ಬಾಕಿಯ ದೂರನ್ನು ಭಾರತೀಯ ಕಾನ್ಸುಲೇಟುಗಳಿಗೆ ತಂದಿದ್ದಾರೆ, ಆ ದೂರುಗಳು ಏನಾದವು?